ಬಿಳಿ ಅಂದರೆ ಯಾವ ಬಿಳಿ?

ಮನೆಗೆ ಬಣ್ಣ ಹೊಡೆಸುವ ಮಾತು ಬಂದಾಗ ಹೆಚ್ಚಿನ ಮನೆಗಳಲ್ಲಿ ನಡೆಯುವುದು ಹೀಗೆ. ಅಮ್ಮನಿಗೆ ಹಸಿರು ಬೇಕು, ಅಣ್ಣನಿಗೆ ಬೂದು ಬೇಕು, ಅಪ್ಪನಿಗೆ ಖರ್ಚು ಕಡಿಮೆಯಾಗಬೇಕು. ಅರ್ಧ ಗಂಟೆ ಚರ್ಚೆಯಾದ ಮೇಲೆ ಯಾರೋ ಒಬ್ಬರು, ‘ಎಲ್ಲಾ ಬಿಡಿ, ಆಫ್‌ ವೈಟ್ ಹೊಡೆಸಿಬಿಡೋಣ’ ಅನ್ನುತ್ತಾರೆ. ಎಲ್ಲರೂ ಒಪ್ಪುತ್ತಾರೆ. ಆರಿಸುವ ಕೆಲಸ ಮಾತ್ರ ಮನೆಯ ಕಾಲೇಜು ಹುಡುಗನ ಅಥವಾ ಹುಡುಗಿಯ ತಲೆಗೆ ಬೀಳುತ್ತದೆ. ‘ಮೊಬೈಲ್ ನೋಡೋದು ನಿಂಗೇ ಗೊತ್ತಲ್ಲ, ನೀನೇ ಒಂದು ಸೆಲೆಕ್ಟ್ ಮಾಡು.’

ಅಂಗಡಿಗೆ ಹೋಗಿ ಶೇಡ್ ಕಾರ್ಡ್ ಬಿಡಿಸಿದಾಗ ಗೊತ್ತಾಗುತ್ತದೆ, ಆಫ್‌ ವೈಟ್ ಎಂಬುದು ದೊಡ್ಡ ಕುಟುಂಬವೊಂದರ ಹೆಸರು. ಪುಟದ ತುಂಬ ಚೌಕಗಳು, ಎಲ್ಲವೂ ಒಂದೇ ಥರ. ಗೋಡೆಗೆ ಬಂದ ಮೇಲೆ ಒಂದೊಂದೂ ಒಂದೊಂದು ಥರ. ಮೊಬೈಲ್ ಪರದೆ ಇನ್ನೂ ನಂಬಿಕೆಗೆ ದೂರ. ಬ್ರೈಟ್‌ನೆಸ್ ಏರಿಸಿದರೆ ಬಣ್ಣವೇ ಬೇರೆ.

ನಮ್ಮಪ್ಪ ಪೇಂಟರ್. ಪಿಯುಸಿ ಮುಗಿದಾಗಿನಿಂದ ರಜೆಯಲ್ಲಿ ಪುಟ್ಟಿ ಉಜ್ಜಲು, ರೋಲರ್ ಹಿಡಿಯಲು ನಾನೂ ಹೋಗುತ್ತೇನೆ. ಒಂದು ಮನೆಯಲ್ಲಿ ಮಾಲೀಕರು ತಾವೇ ಬೆರಳಿಟ್ಟು ತೋರಿಸಿದ ಕ್ರೀಮ್ ಬಣ್ಣವನ್ನೇ ಹಾಲ್‌ಗೆ ಬಳಿದಿದ್ದೆವು. ಹಗಲು ಚೆನ್ನಾಗಿತ್ತು. ರಾತ್ರಿ ಲೈಟ್ ಹಾಕಿದಾಗ ಗೋಡೆ ತಿಳಿಹಸಿರಿಗೆ ತಿರುಗಿದಂತೆ ಕಂಡಿತು. ‘ನಾನು ಹೇಳಿದ ಬಣ್ಣ ಇದಲ್ಲ’ ಎಂದು ಅವರು ಕೊನೆಯ ಕಂತಿನ ಹಣ ತಡೆಹಿಡಿದರು. ಡಬ್ಬಿಯ ಮೇಲಿನ ಕೋಡ್ ತೋರಿಸಿದರೂ ಪ್ರಯೋಜನವಾಗಲಿಲ್ಲ. ಜೊತೆಗಿದ್ದ ಇಬ್ಬರಿಗೆ ಅಪ್ಪ ಕೈಯಿಂದ ಕೂಲಿ ಕೊಟ್ಟರು. ಡಬ್ಬಿಯಲ್ಲಿದ್ದ ಬಣ್ಣ ಸರಿಯಾಗಿಯೇ ಇತ್ತು. ಬೇರೆಯಾಗಿದ್ದು ಬೆಳಕು.

ಪ್ಯಾರಿಸ್‌ನಲ್ಲೂ ಇದೇ ದೂರು

ಈ ಜಗಳ ಹೊಸದಲ್ಲ. ಪ್ಯಾರಿಸ್‌ನ ಗೋಬ್ಲಾಂ ನೇಯ್ಗೆ ಕಾರ್ಖಾನೆಯಲ್ಲಿ ಬಣ್ಣದ ವಿಭಾಗ ನೋಡಿಕೊಳ್ಳುತ್ತಿದ್ದ ರಸಾಯನ ವಿಜ್ಞಾನಿ ಷೆವ್ರುಲ್ ಅವರಿಗೂ ಇಂಥದ್ದೇ ದೂರು ಬಂದಿತ್ತು, ಕಪ್ಪು ನೂಲು ಮಂಕಾಗಿ ಕಾಣುತ್ತಿದೆ ಎಂದು. ಅವರು ಪರೀಕ್ಷಿಸಿ ನೋಡಿದರೆ ನೂಲಿನ ಬಣ್ಣದಲ್ಲಿ ಕೊರತೆಯಿರಲಿಲ್ಲ. ಪಕ್ಕದಲ್ಲಿ ನೇಯ್ದ ಬಣ್ಣಗಳು ಕಪ್ಪನ್ನು ಮಂಕಾಗಿ ತೋರಿಸುತ್ತಿದ್ದವು. ಒಂದು ಬಣ್ಣ ಹೇಗೆ ಕಾಣುತ್ತದೆ ಎಂಬುದನ್ನು ಅದರ ನೆರೆಹೊರೆ ನಿರ್ಧರಿಸುತ್ತದೆ ಎಂದು ಅವರು 1839ರಲ್ಲಿ ಪುಸ್ತಕವನ್ನೇ ಪ್ರಕಟಿಸಿದರು.

ನಮ್ಮ ಅಜ್ಜಿಯರಿಗೂ ಇದರ ಅರಿವಿತ್ತು. ಹಬ್ಬಕ್ಕೆ ಸುಣ್ಣ ಬಳಿಯುವಾಗ ಬಕೆಟ್‌ಗೆ ಚಿಟಿಕೆ ನೀಲಿ ಹಾಕುತ್ತಿದ್ದರು. ಸುಣ್ಣದೊಳಗಿನ ಹಳದಿ ಛಾಯೆಯನ್ನು ನೀಲಿ ಅಡಗಿಸುತ್ತದೆ, ಗೋಡೆ ಇನ್ನಷ್ಟು ಬೆಳ್ಳಗೆ ಕಾಣುತ್ತದೆ. ಬಿಳಿಯೊಳಗೆ ಅಡಗಿರುವ ಈ ಛಾಯೆಗೆ ಪೇಂಟ್ ಅಂಗಡಿಯಲ್ಲಿ ಅಂಡರ್‌ಟೋನ್ ಅನ್ನುತ್ತಾರೆ. ಆಫ್‌ ವೈಟ್‌ಗಳಲ್ಲಿ ಕೆಲವು ಹಳದಿಗೆ ವಾಲುತ್ತವೆ, ಕೆಲವು ಗುಲಾಬಿಗೆ, ಕೆಲವು ಬೂದಿಗೆ, ಕೆಲವು ಹಸಿರಿಗೆ.

ಪತ್ತೆಹಚ್ಚುವುದು ಸುಲಭ. ಜೆರಾಕ್ಸ್‌ಗೆ ಬಳಸುವ ಬಿಳಿ ಹಾಳೆಯೊಂದನ್ನು ಅಂಗಡಿಗೆ ಒಯ್ದು ಚೌಕದ ಪಕ್ಕ ಹಿಡಿಯಿರಿ. ಅಡಗಿದ ಛಾಯೆ ತಕ್ಷಣ ಹೊರಬರುತ್ತದೆ. ಕಾರ್ಡ್‌ನಲ್ಲಿ ತಿಳಿಯಿಂದ ಗಾಢಕ್ಕೆ ಒಂದೇ ಸಾಲಿನಲ್ಲಿ ಬಣ್ಣ ಜೋಡಿಸಿದ್ದರೆ ಆ ಸಾಲಿನ ಅತಿ ಗಾಢ ಚೌಕವನ್ನೂ ನೋಡಿ. ತಿಳಿ ಬಣ್ಣದೊಳಗೆ ಏನಿದೆ ಎಂಬ ಸುಳಿವು ಅಲ್ಲಿ ಸಿಗುತ್ತದೆ.

ಬದಲಾಗದ್ದನ್ನು ಮೊದಲು ನೋಡಿ

ಗೋಡೆಯ ಬಣ್ಣ ಆರಿಸುವ ಮೊದಲು ಗೋಡೆಯನ್ನು ಬಿಟ್ಟು ಉಳಿದದ್ದನ್ನು ನೋಡಿ. ನೆಲ, ಬಾಗಿಲು, ಅಡುಗೆಮನೆಯ ಗ್ರಾನೈಟ್, ಕಿಟಕಿಯ ದಿಕ್ಕು, ಇವನ್ನು ಬದಲಾಯಿಸುವ ದುಡ್ಡು ನಮ್ಮಲ್ಲಿಲ್ಲ. ಬಣ್ಣವೇ ಅವಕ್ಕೆ ಹೊಂದಿಕೊಳ್ಳಬೇಕು.

ಹಳೆಯ ಮನೆಯ ರೆಡ್ ಆಕ್ಸೈಡ್ ನೆಲ ಬಿಸಿಲು ಬಿದ್ದಾಗ ಗೋಡೆಯ ಕೆಳಭಾಗಕ್ಕೆ ಕೆಂಪು ಎರಚುತ್ತದೆ. ಅಲ್ಲಿ ಬೂದು ಛಾಯೆಯ ಬಿಳಿ ಕೊಳೆಯಾದಂತೆ ಕಾಣಬಹುದು; ತುಸು ಹಳದಿಗೆ ವಾಲುವ ಐವರಿ ಒಪ್ಪುತ್ತದೆ. ಬೂದು ಟೈಲ್ಸ್ ಅಥವಾ ಬೂದು ಗ್ರಾನೈಟ್ ನೆಲಕ್ಕೆ ಬೂದು ಛಾಯೆಯ ಬಿಳಿಯೇ ಸರಿ. ತೇಗದ ಬಾಗಿಲಿಗೆ ಕ್ರೀಮ್ ಚೆನ್ನ. ಕ್ರೀಮ್ ಬಣ್ಣದ ವಿಟ್ರಿಫೈಡ್ ಟೈಲ್ಸ್ ಇದ್ದರೆ ಎಚ್ಚರ ಬೇಕು. ಗೋಡೆಗೂ ಅದೇ ಥರದ ಕ್ರೀಮ್ ಹುಡುಕಲು ಹೋದರೆ ಎರಡೂ ಹತ್ತಿರ ಬಂದು ಒಂದು ಇನ್ನೊಂದನ್ನು ಮಾಸಲು ಮಾಡುತ್ತದೆ. ಗೋಡೆ ನೆಲಕ್ಕಿಂತ ಸ್ಪಷ್ಟವಾಗಿ ತಿಳಿಯಾಗಿರಲಿ.

ಕಿಟಕಿ ಉತ್ತರಕ್ಕಿದ್ದರೆ ವರ್ಷದ ಬಹುಪಾಲು ನೇರ ಬಿಸಿಲು ಬರುವುದಿಲ್ಲ. ಆಕಾಶದಿಂದ ಬರುವ ತುಸು ನೀಲಿ ಬೆಳಕೇ ಆಧಾರ. ಅಂಥ ಕೋಣೆಗೆ ಬೂದು ಛಾಯೆ ಬಳಿದರೆ ಇನ್ನಷ್ಟು ಮಂಕು. ಹಳದಿ ಛಾಯೆ ಬೆಚ್ಚಗೆ ಮಾಡುತ್ತದೆ. ಪಶ್ಚಿಮದ ಕೋಣೆಗೆ ಸಂಜೆ ಬಿಸಿಲು ತಾನೇ ಹಳದಿ ತರುತ್ತದೆ, ಅಲ್ಲಿ ಬೂದು ಛಾಯೆ ನಡೆಯುತ್ತದೆ. ಮಲೆನಾಡಿನಲ್ಲಿ ಕಿಟಕಿಯಾಚೆಯ ತೋಟ ಒಳಗೆ ಹಸಿರು ಚೆಲ್ಲುತ್ತದೆ. ಪೇಟೆಯಲ್ಲಿ ಆ ಕೆಲಸವನ್ನು ಪಕ್ಕದ ಮನೆಯ ಗೋಡೆ ಮಾಡುತ್ತದೆ.

ರಾತ್ರಿಯ ಬೆಳಕನ್ನು ಮರೆಯಬೇಡಿ. ಎಲ್‌ಇಡಿ ಬಲ್ಬಿನ ಪೆಟ್ಟಿಗೆಯ ಮೇಲೆ 3000ಕೆ, 4000ಕೆ, 6500ಕೆ ಎಂದು ಬರೆದಿರುತ್ತದೆ. ಸಂಖ್ಯೆ ಏರಿದಂತೆ ಬೆಳಕು ನೀಲಿಗೆ ತಿರುಗುತ್ತದೆ. 6500ಕೆ ಬೆಳಕಿನಲ್ಲಿ ಕ್ರೀಮ್ ತನ್ನ ಬೆಚ್ಚಗಿನ ಗುಣ ಕಳೆದುಕೊಳ್ಳುತ್ತದೆ. ಹಾಗಾಗಿ ಗೋಡೆ ಮತ್ತು ಬಲ್ಬನ್ನು ಒಟ್ಟಿಗೇ ಆರಿಸಬೇಕು.

ಜೋಡಿ ಬಣ್ಣ

ತಿಳಿ ಬಣ್ಣ ಒಂದೇ ಇದ್ದರೆ ಕೋಣೆ ಆಸ್ಪತ್ರೆಯಂತೆ ಕಾಣುತ್ತದೆ ಎಂಬ ಭಯ ಹಲವರಿಗಿದೆ. ಒಂದು ಗೋಡೆಗೆ ಕಡುನೇರಳೆ ಹೊಡೆಸುವುದೊಂದೇ ಅದಕ್ಕೆ ದಾರಿಯಲ್ಲ. ಹಳ್ಳಿಯ ಮನೆಗಳನ್ನು ನೆನಪಿಸಿಕೊಳ್ಳಿ: ಮೇಲೆ ಸುಣ್ಣದ ಬಿಳಿ, ಕೆಳಗೆ ಕೆಮ್ಮಣ್ಣಿನ ಪಟ್ಟಿ. ಮಳೆಯ ಕೆಸರು, ಕಾಲಿನ ಕೊಳೆ ಎಲ್ಲ ಪಟ್ಟಿಯ ಪಾಲು, ಬಿಳಿ ಬಿಳಿಯಾಗಿಯೇ ಉಳಿಯುತ್ತಿತ್ತು. ಹಳದಿ ಛಾಯೆಯ ಬಿಳಿಗೆ ಇಂಥ ಮಣ್ಣಿನ ಬಣ್ಣಗಳು ಇಂದಿಗೂ ಒಳ್ಳೆಯ ಜೋಡಿ. ಬೂದು ಛಾಯೆಯದಕ್ಕೆ ಮಂಕು ನೀಲಿ, ಕಡುಬೂದು. ಗುಲಾಬಿಗೆ ವಾಲುವುದಕ್ಕೆ ಕಂದು. ಜೋಡಿ ಬಣ್ಣ ಗೋಡೆಯಲ್ಲೇ ಇರಬೇಕೆಂದಿಲ್ಲ. ಪರದೆ, ಕೌದಿ, ಪುಸ್ತಕದ ಕಪಾಟು ಸಾಕು.

ಸೀಲಿಂಗ್‌ಗೆ ಅಚ್ಚ ಬಿಳಿ ಹೊಡೆಸುವುದು ನಮ್ಮಲ್ಲಿ ರೂಢಿ. ಆದರೆ ಅಚ್ಚ ಬಿಳಿಯ ಪಕ್ಕ ಕ್ರೀಮ್ ಗೋಡೆ ಮತ್ತಷ್ಟು ಹಳದಿಯಾಗಿ ಕಾಣುತ್ತದೆ. ಅದು ಬೇಡವೆಂದರೆ ಸೀಲಿಂಗ್‌ಗೂ ಅದೇ ಬಣ್ಣವನ್ನು ಇನ್ನೂ ತಿಳಿಯಾಗಿ ಮಾಡಿಸಿ. ಗೋಡೆ ಏರುಪೇರಾಗಿದ್ದರೆ ಹೊಳಪಿಲ್ಲದ ಮ್ಯಾಟ್ ಪೇಂಟ್ ಅದನ್ನು ಮುಚ್ಚುತ್ತದೆ. ಹೊಳಪಿನ ಪೇಂಟ್ ಎತ್ತಿ ತೋರಿಸುತ್ತದೆ, ಆದರೆ ಒರೆಸಲು ಸುಲಭ.

ಒಂದು ಡ್ರಾಯಿಂಗ್ ಶೀಟ್ ಸಾಕು

ಎರಡು ಮೂರು ಬಣ್ಣಗಳಿಗೆ ಇಳಿದ ಮೇಲೆ ಸ್ಯಾಂಪಲ್ ಡಬ್ಬಿ ಅಥವಾ ಸಿಗುವ ಅತಿ ಚಿಕ್ಕ ಡಬ್ಬಿ ತನ್ನಿ. ದಪ್ಪ ಡ್ರಾಯಿಂಗ್ ಶೀಟ್‌ಗೆ ಎರಡು ಕೋಟ್ ಬಳಿದು ಪೂರ್ತಿ ಒಣಗಿಸಿ. ಹಸಿಯಿದ್ದಾಗ ಕಂಡ ಬಣ್ಣ ಒಣಗಿದ ಮೇಲೆ ಇರುವುದಿಲ್ಲ. ಆ ಶೀಟನ್ನು ಒಮ್ಮೆ ಬಾಗಿಲ ಪಕ್ಕ, ಒಮ್ಮೆ ನೆಲಕ್ಕೆ ತಾಗಿಸಿ, ಒಮ್ಮೆ ಕಿಟಕಿಯ ಎದುರು ಗೋಡೆಗೆ ಅಂಟಿಸಿ. ಬೆಳಿಗ್ಗೆ, ಸಂಜೆ, ರಾತ್ರಿ ನೋಡಿ. ಹಳೆಯ ಗೋಡೆಗೆ ನೇರವಾಗಿ ಬಳಿದು ನೋಡುವುದಕ್ಕಿಂತ ಇದು ಉತ್ತಮ, ಅಲ್ಲಿ ಹಳೆಯ ಬಣ್ಣವೇ ಕಣ್ಣನ್ನು ದಾರಿತಪ್ಪಿಸುತ್ತದೆ.

ಆಮೇಲೆ ಲೆಕ್ಕ. 10 ಅಡಿ ಅಗಲ, 12 ಅಡಿ ಉದ್ದ, 10 ಅಡಿ ಎತ್ತರದ ಕೋಣೆಯ ನಾಲ್ಕು ಗೋಡೆ ಸೇರಿ 440 ಚದರ ಅಡಿ. ಬಾಗಿಲು, ಕಿಟಕಿ ಕಳೆದರೆ ಸುಮಾರು 400. ಒಂದು ಲೀಟರ್‌ಗೆ ಎರಡು ಕೋಟ್‌ನಲ್ಲಿ 100 ಚದರ ಅಡಿ ಎಂದು ಡಬ್ಬಿಯ ಮೇಲಿದ್ದರೆ 4 ಲೀಟರ್ ಬೇಕು. ಬೇಕಾದಷ್ಟನ್ನೂ ಒಂದೇ ಸಲ ತನ್ನಿ. ಆಮೇಲೆ ಮಿಕ್ಸ್ ಮಾಡಿಸಿದ ಡಬ್ಬಿಯಲ್ಲಿ ಕೂದಲೆಳೆ ವ್ಯತ್ಯಾಸವಾದರೂ ತಿಳಿ ಗೋಡೆಯಲ್ಲಿ ಎದ್ದು ಕಾಣುತ್ತದೆ.

ಕೆಲಸ ಹುಡುಕಿಕೊಂಡು ಊರು ಬಿಟ್ಟು ಬಾಡಿಗೆ ರೂಮ್‌ನಲ್ಲಿರುವವರಿಗೆ ಗೋಡೆಯ ಮೇಲೆ ಅಧಿಕಾರವಿಲ್ಲ. ಆದರೆ ಬಲ್ಬ್ ನಿಮ್ಮದು, ಬೆಡ್‌ಶೀಟ್ ನಿಮ್ಮದು. 6500ಕೆ ತೆಗೆದು 4000ಕೆ ಹಾಕಿ ನೋಡಿ, ಅದೇ ಗೋಡೆ ಸ್ವಲ್ಪ ಮೃದುವಾಗುತ್ತದೆ.

ಮನೆಗೆ ಬಣ್ಣ ಹೊಡೆಸುವುದು ಎಷ್ಟೋ ವರ್ಷಕ್ಕೊಮ್ಮೆ, ಅದೂ ಚೀಟಿ ಎತ್ತಿಯೋ ಸಾಲ ಮಾಡಿಯೋ. ಮನೆಯವರು ನಿಮ್ಮನ್ನು ನಂಬಿ ಒಪ್ಪಿಸುವ ಮೊದಲ ದೊಡ್ಡ ಖರ್ಚು ಅದೇ ಆಗಿರಬಹುದು. ಆ ಡ್ರಾಯಿಂಗ್ ಶೀಟನ್ನು ರಾತ್ರಿ ಲೈಟ್‌ನಲ್ಲಿ ಎಲ್ಲರಿಗೂ ತೋರಿಸಿ. ಎಲ್ಲರೂ ಒಪ್ಪಿದ ಮೇಲೆ ಬಣ್ಣದ ಕೋಡ್ ಬರೆದು ಶೀಟ್ ಸಮೇತ ಪೇಂಟರ್ ಕೈಗೆ ಕೊಡಿ. ನಿಮ್ಮ ಮನೆಯ ದುಡ್ಡೂ ಉಳಿಯುತ್ತದೆ, ಅವರ ಕೂಲಿಯೂ ಉಳಿಯುತ್ತದೆ.