ದೇವರ ವಸ್ತ್ರಕ್ಕೆ ಅಜ್ಜಿಯ ಅರಳೆ

ಗೌರಿ ಹಬ್ಬದ ಸಾಮಾನಿನ ಪಟ್ಟಿಯಲ್ಲಿ ಯಾರೂ ಚೌಕಾಸಿ ಮಾಡದ ವಸ್ತುವೊಂದಿದೆ: ಗೆಜ್ಜೆವಸ್ತ್ರ. ಬೆಂಗಳೂರಿನ ಗಾಂಧಿಬಜಾರಿರಲಿ, ಮೈಸೂರಿನ ದೇವರಾಜ ಮಾರುಕಟ್ಟೆಯಿರಲಿ, ಗ್ರಂಧಿಗೆ ಅಂಗಡಿಯವರು ಅರಿಸಿನ, ಕುಂಕುಮ, ಕರ್ಪೂರ, ಬಳೆ-ಬಿಚ್ಚೋಲೆ ಕಟ್ಟಿಕೊಡುವಾಗ ಅದನ್ನೂ ಒಂದು ಸಣ್ಣ ಕವರಿನಲ್ಲಿ ಮೇಲೆ ಇಟ್ಟುಬಿಡುತ್ತಾರೆ. ಬಿಳಿ ಅರಳೆಯ ಉಬ್ಬು, ಪಕ್ಕದಲ್ಲಿ ಕುಂಕುಮದ ಕೆಂಪು, ಮತ್ತೆ ಉಬ್ಬು, ಮತ್ತೆ ಕೆಂಪು. ಪೂಜೆಯ ಹದಿನಾರು ಉಪಚಾರಗಳಲ್ಲಿ ವಸ್ತ್ರ ಸಮರ್ಪಣೆಯೂ ಒಂದು. ಪುರೋಹಿತರು ಆ ಮಂತ್ರ ಹೇಳಿದಾಗ ದೇವರ ಕೊರಳಿಗೆ ಬೀಳುವುದು ಇದೇ. ಗೌರಿಗೆ 16 ಎಳೆಯದು, ಗಣಪತಿಗೆ 21 ಎಳೆಯದು ಎಂಬುದು ಸಾಮಾನ್ಯ ಲೆಕ್ಕ. ಮನೆಯಿಂದ ಮನೆಗೆ ಸ್ವಲ್ಪ ಆಚೀಚೆ. ಪಟ್ಟೆಪೀತಾಂಬರ ಉಡಿಸುವ ಮನೆಯಲ್ಲೂ ಇದು ಬೇಕು, ಅದಕ್ಕೆ ಶಕ್ತಿಯಿಲ್ಲದ ಮನೆಯಲ್ಲಿ ಇದೊಂದೇ ಸಾಕು.

ಎರಡು ತಲೆಮಾರಿನ ಹಿಂದೆ ಇದನ್ನು ಕೊಳ್ಳುವುದೆಂದರೆ ನಾಚಿಕೆಯ ವಿಷಯ. ಪ್ರತಿ ಮನೆಯಲ್ಲೂ ಎಳೆಯುವ ಕೈ ಒಂದಿರುತ್ತಿತ್ತು, ಬಹುಮಟ್ಟಿಗೆ ಅದು ಮನೆಯ ಹಿರಿಯ ಹೆಂಗಸಿನ ಕೈ. ನಮ್ಮ ಮನೆಯಲ್ಲಿ ಅಜ್ಜಿಯದು.

ಕೆಲಸ ನೋಡಲು ಸುಲಭ. ಕಾಳು ತೆಗೆದು, ಕಸ ಆರಿಸಿ, ಬೆರಳಲ್ಲೇ ಹಿಂಜಿ ಹಗುರ ಮಾಡಿದ ಅರಳೆಯನ್ನು ಎಡಗೈಯಲ್ಲಿ ಹಿಡಿಯಬೇಕು. ಬಲಗೈಯ ಹೆಬ್ಬೆರಳು, ತೋರುಬೆರಳುಗಳಿಂದ ಅದನ್ನು ಬೆರಳಗಲದ ಪಟ್ಟಿಯಾಗಿ ಇಳಿಸಿಕೊಳ್ಳುತ್ತಾ, ಅಷ್ಟಷ್ಟು ದೂರಕ್ಕೊಮ್ಮೆ ಹಾಲಿನ ಪಸೆಯಿರುವ ಬೆರಳಿನಿಂದ ಹೊಸೆಯಬೇಕು. ಹೊಸೆದ ಕಡೆ ದಾರ, ಬಿಟ್ಟ ಕಡೆ ಗೆಜ್ಜೆ. ಕೊನೆಗೆ ನೀರಲ್ಲಿ ಕಲಸಿದ ಕುಂಕುಮವನ್ನು ಆ ದಾರದ ಜಾಗಗಳಿಗೆ ಮುಟ್ಟಿಸಬೇಕು. ನೀರು ಹೆಚ್ಚಾದರೆ ಬಣ್ಣ ಗೆಜ್ಜೆಗೂ ಹಬ್ಬಿ ಎಲ್ಲ ಗುಲಾಬಿಯಾಗುತ್ತದೆ. ಹೊಸಬರು ಸೋಲುವುದು ಮಾತ್ರ ಅದಕ್ಕೂ ಮೊದಲೇ, ಪಟ್ಟಿ ಇಳಿಸುವ ಹಂತದಲ್ಲಿ. ಜೋರಾಗಿ ಎಳೆದರೆ ಅರಳೆ ತುಂಡಾಗಿ ಕೈಗೆ ಬರುತ್ತದೆ, ಹೆದರಿ ಎಳೆದರೆ ಮುದ್ದೆಯಾಗಿ ನಿಲ್ಲುತ್ತದೆ. “ಎಳೀಬೇಡ್ವೇ, ತಾನಾಗಿ ಬರೋಷ್ಟು ಬಿಡು” ಎನ್ನುತ್ತಿದ್ದರು ಅಜ್ಜಿ. ಈ ಪಾಠದಿಂದ ನಮಗೆ ಯಾರಿಗೂ ಏನೂ ತಿಳಿಯುತ್ತಿರಲಿಲ್ಲ.

ಬತ್ತಿಯ ವಿದ್ಯೆ ಬೇರೆ. ಉದ್ದಬತ್ತಿಯನ್ನು ಅಂಗೈಗಳ ನಡುವೆ ವಿಭೂತಿ ಸೋಕಿಸಿ ಹೊಸೆಯುತ್ತಾರೆ. ಪುಡಿಯಿದ್ದರೆ ಅರಳೆ ಜಾರದೆ ಹಿಡಿತಕ್ಕೆ ಸಿಗುತ್ತದೆ. ಒಂಟಿ ಬತ್ತಿ ಹಚ್ಚಬಾರದೆಂದು ಎರಡನ್ನು ಜೋಡಿಸಿ ದೀಪಕ್ಕೆ ಹಾಕುವುದು ರೂಢಿ. ಹೂಬತ್ತಿಗೆ ಅರಳೆಯನ್ನು ಬಿಲ್ಲೆಯಂತೆ ಹರಡಿ, ಅಂಚುಗಳನ್ನು ಒಟ್ಟು ಮಾಡಿ ತುದಿ ತಿರುಚಬೇಕು. ಬುಡ ಅಗಲವಾಗಿ ತುಪ್ಪದಲ್ಲಿ ಕೂರುತ್ತದೆ, ತುದಿ ನೆಟ್ಟಗೆ ನಿಂತು ಉರಿಯುತ್ತದೆ. ಬಿಗಿಯಾಗಿ ಹೊಸೆದ ಬತ್ತಿಗೆ ಎಣ್ಣೆ ಏರುವುದಿಲ್ಲ, ಸಡಿಲವಾದದ್ದು ದೊಡ್ಡ ಉರಿ ತೆಗೆದು ಹೊಗೆ ಕಾರುತ್ತದೆ. ಹರಳೆಣ್ಣೆ ಮಂದ, ಅದಕ್ಕೆ ಬತ್ತಿ ಸ್ವಲ್ಪ ದಪ್ಪವಿರಬೇಕು. ಇದನ್ನೆಲ್ಲ ಅಜ್ಜಿ ಯಾವ ಪುಸ್ತಕದಲ್ಲೂ ಓದಿದವರಲ್ಲ, ಆದರೆ ದೀಪದ ಉರಿ ನೋಡಿ ಬತ್ತಿ ಮಾಡಿದ್ದು ಯಾವ ಸೊಸೆ ಎಂದು ಹೇಳಬಲ್ಲವರಾಗಿದ್ದರು. ಸೊಸೆಯಂದಿರಿಗೆ ಇದು ಇಷ್ಟವಾಗುತ್ತಿರಲಿಲ್ಲ ಎಂಬುದನ್ನೂ ಸೇರಿಸಬೇಕು.

ಅರಳೆಯ ವಿಷಯದಲ್ಲಿ ಅವರಿಗೆ ಭಾರಿ ಹಟ. ಮೆಡಿಕಲ್ ಸ್ಟೋರಿನ ಸುರುಳಿ ಹತ್ತಿ ತಂದರೆ ಹಿಂದಕ್ಕೆ ಕಳಿಸುತ್ತಿದ್ದರು, “ಅದು ಗಾಯಕ್ಕೆ, ದೇವರಿಗಲ್ಲ.” ಅದರಲ್ಲಿ ಮಡಿಯಷ್ಟೇ ಅಲ್ಲ, ಕಸುಬಿನ ತಿಳಿವಳಿಕೆಯೂ ಇತ್ತು. ಆಸ್ಪತ್ರೆಯ ಹತ್ತಿಯನ್ನು ಬ್ಲೀಚ್ ಮಾಡಿ ಎಳೆಯ ಮೇಲಿನ ಸಹಜ ಮೇಣ ತೆಗೆದಿರುತ್ತಾರೆ. ಅದಕ್ಕೆ ಬಳಸುವುದೂ ಹೆಚ್ಚಾಗಿ ನೂಲಿನ ಗಿರಣಿಯಲ್ಲಿ ಬಾಚಿ ಬೇರೆ ಮಾಡಿದ ಗಿಡ್ಡ ಎಳೆಗಳನ್ನು. ಎಳೆಯಲು ಹೋದರೆ ತುಂಡಾಗುತ್ತದೆ. ಅವರಿಗೆ ಬೇಕಾದದ್ದು ಹಾವೇರಿ ಕಡೆಯ ನೆಂಟರು ಬಟ್ಟೆಯ ಚೀಲದಲ್ಲಿ ತಂದುಕೊಡುತ್ತಿದ್ದ ಕಾಳು ಸಹಿತದ ಹತ್ತಿ. ಧಾರವಾಡದ ಕೃಷಿ ವಿಜ್ಞಾನಿಗಳು 1972ರಲ್ಲಿ ಹೊರತಂದ ಹೈಬ್ರಿಡ್ ಹತ್ತಿಗೆ ‘ವರಲಕ್ಷ್ಮಿ’ ಎಂದೇ ಹೆಸರು. 1981ರಲ್ಲಿ ಬಂದ ಡಿಸಿಎಚ್-32 ತಳಿಗೆ ‘ಜಯಲಕ್ಷ್ಮಿ’. ಎರಡೂ ಉದ್ದನೆಯ ಎಳೆಯವು. ವರಲಕ್ಷ್ಮಿ ಹತ್ತಿಯಿಂದ ವರಮಹಾಲಕ್ಷ್ಮಿಗೆ ಗೆಜ್ಜೆವಸ್ತ್ರ ಮಾಡುವ ಯೋಗ ಕೆಲವು ವರ್ಷವಾದರೂ ಅಜ್ಜಿಗೆ ಬಂದಿತ್ತು. ಅವರಿಗೆ ಆ ಹೆಸರು ಗೊತ್ತಿರಲಿಲ್ಲ. “ಈ ಸಲದ್ದು ಒಳ್ಳೇದು ಬಂದಿದೆ” ಎಂದರು, ಅಷ್ಟೇ.

ಬತ್ತಿ ಹೊಸೆಯುವಾಗ ಅವರಿಗೆ ಗಡಿಯಾರ ಬೇಕಿರಲಿಲ್ಲ. ವಾದಿರಾಜರ ಲಕ್ಷ್ಮೀಶೋಭಾನೆ ಹೇಳಿ ಮುಗಿಸುವಷ್ಟರಲ್ಲಿ ನೂರು ಬತ್ತಿ ಆಗಬೇಕು. ಏಕಾದಶಿಯ ದಿನ ಒಲೆಯ ಕೆಲಸವಿಲ್ಲ, ಹಾಗಾಗಿ ಹೆಳವನಕಟ್ಟೆ ಗಿರಿಯಮ್ಮನ ಚಂದ್ರಹಾಸನ ಕಥೆಯೂ ಸೇರಿ ಬುಟ್ಟಿ ತುಂಬುತ್ತಿತ್ತು. ಐವತ್ತು ದಾಟಿದ ಮೇಲೆ ಒಮ್ಮೆ ಲಕ್ಷಬತ್ತಿಯ ವ್ರತ ಹಿಡಿದರು. ಲೆಕ್ಕ ಹಾಕಿ ನೋಡಿ: ವರ್ಷದಲ್ಲಿ ಮುಗಿಸಬೇಕೆಂದರೆ ದಿನಕ್ಕೆ 274 ಬತ್ತಿ, ಅಂದರೆ ಶೋಭಾನೆ ಹೆಚ್ಚುಕಡಿಮೆ ಮೂರು ಸಲ. ಚಾತುರ್ಮಾಸ್ಯದೊಳಗೇ ಮುಗಿಸುತ್ತೇನೆ ಎನ್ನುವವರಿಗೆ ದಿನಕ್ಕೆ ಎಂಟುನೂರಕ್ಕೂ ಹೆಚ್ಚು. ಮೈ ಸರಿಯಿಲ್ಲದ ದಿನ ತಪ್ಪಿದರೆ ಮರುದಿನಕ್ಕೆ ಸಾಲ ಕೂಡುತ್ತದೆ. ನೂರು ನೂರರ ಕಟ್ಟು ಮಾಡಿ ಡಬ್ಬಿಗೆ ತುಂಬಿಸಿ, ಕಾರ್ತಿಕದಲ್ಲಿ ತುಪ್ಪದಲ್ಲಿ ನೆನೆಸಿ ತುಳಸಿಯ ಮುಂದೆ ಕಟ್ಟುಕಟ್ಟಾಗಿ ಹಚ್ಚಿದರು. ವರ್ಷದ ಕೆಲಸ ಸಂಜೆಯೊಂದರಲ್ಲಿ ಉರಿದುಹೋಯಿತು. ನಮಗೆ ಅಯ್ಯೋ ಅನಿಸಿತು, ಅವರು ಮರುದಿನ ಎದ್ದು ಅಂದಿನ ದೀಪಕ್ಕೆ ಬತ್ತಿ ಹೊಸೆಯಲು ಕೂತರು.

ಇಲ್ಲೊಂದು ಮಾತು ಹೇಳದೆ ಈ ಕಲೆಯ ಪರಿಚಯ ಪೂರ್ತಿಯಾಗದು. ಅಜ್ಜಿಗೆ ಗಂಡ ತೀರಿಕೊಂಡಾಗ ಮೂವತ್ತೂ ಆಗಿರಲಿಲ್ಲ. ಅಲ್ಲಿಂದ 94ನೇ ವಯಸ್ಸಿನವರೆಗೆ ಗೌರಿ ಪೂಜೆಯಲ್ಲಿ ಅವರಿಗೆ ಮುಂದಿನ ಸಾಲಿಲ್ಲ, ಬಾಗಿನವಿಲ್ಲ, ಅರಿಸಿನ ಕುಂಕುಮವಿಲ್ಲ. ಗೌರಿ ಉಡುವ ವಸ್ತ್ರ ಅವರ ಕೈಯಿಂದ ಆಗಬೇಕು, ಆರತಿಯ ಬತ್ತಿ ಅವರದೇ ಆಗಬೇಕು, ಮದುವೆಮನೆಯಲ್ಲಿ ಶೋಭಾನೆ ತಪ್ಪಿಲ್ಲದೆ ಹೇಳಲೂ ಅವರೇ ಬೇಕು. ಆದರೆ ಗೆಜ್ಜೆವಸ್ತ್ರಕ್ಕೆ ಕುಂಕುಮ ಮುಟ್ಟಿಸುವುದು ಮಾತ್ರ ಮುತ್ತೈದೆಯರ ಪಾಲು. ಅವರು ಬಿಳಿಯದನ್ನು ಎಳೆದು ತಟ್ಟೆಯಲ್ಲಿಟ್ಟು ಏಳುತ್ತಿದ್ದರು. ಅಂದಿನ ಕಾಲ ಹಾಗಿತ್ತು ಎಂದು ಇದನ್ನು ದಾಟಿಹೋಗಲು ನನಗೆ ಮನಸ್ಸಿಲ್ಲ. ಊರೂರಿನ ದೇವರ ಮನೆಗಳನ್ನು ನಡೆಸಿದ್ದು ಹೀಗೆ ಬಾಗಿಲ ಬಳಿ ಕೂರಿಸಲ್ಪಟ್ಟ ಹೆಂಗಸರೇ.

ಅವರಿಗೆ ಎಂಬತ್ತು ದಾಟಿದ ಮೇಲೆ ಒಂದು ಗೌರಿ ಹಬ್ಬದ ಮುಂಚಿನ ದಿನ ಅಮ್ಮ ಕುಂಕುಮದ ಬಟ್ಟಲನ್ನು ಅವರ ಮುಂದೆಯೇ ಇಟ್ಟರು. “ನೀವೇ ಹಚ್ಚಿ ಅತ್ತೆ.” ಅಜ್ಜಿ ಬಟ್ಟಲನ್ನು ನೋಡಿದರು. “ನನಗೆ ಕೈ ನಡುಗುತ್ತಮ್ಮ, ಚೆಲ್ಲಿಬಿಡ್ತೀನಿ. ನೀನೇ ಹಚ್ಚು” ಎಂದರು. ಕೂದಲೆಳೆಯಂಥ ದಾರ ಹೊಸೆಯುತ್ತಿದ್ದ ಕೈ ಅದು. ಅಮ್ಮ ಒತ್ತಾಯಿಸಲಿಲ್ಲ.

ಈಗ ಬತ್ತಿಗೆ ಯಂತ್ರ ಬಂದಿದೆ; ಅಂಗಡಿಯ ಹೂಬತ್ತಿಗಳು ಒಂದರಂತೆ ಒಂದಿರುತ್ತವೆ, ಉರಿಯುವುದೂ ಚೆನ್ನಾಗಿಯೇ. ಯಂತ್ರ ಕೊಳ್ಳಿ, ಮಾಡಿದ ಬತ್ತಿಯನ್ನು ನಾವೇ ತೆಗೆದುಕೊಳ್ಳುತ್ತೇವೆ ಎಂಬ ಜಾಹೀರಾತು ನಂಬಿ ದುಡ್ಡು ಕಳೆದುಕೊಂಡವರ ಸುದ್ದಿಯನ್ನೂ ಓದಿದ್ದೇವೆ, ಆ ಬಗ್ಗೆ ಎಚ್ಚರವಿರಲಿ. ಗೆಜ್ಜೆವಸ್ತ್ರ ಮಾತ್ರ ಇನ್ನೂ ಬಹಳಷ್ಟು ಕೈಯಲ್ಲೇ ಆಗುತ್ತಿದೆ. ಕೊಳ್ಳುವವರು ದಾರದ ಭಾಗ ಗಮನಿಸಿ. ಅರಳೆಯನ್ನೇ ಹೊಸೆದಿದ್ದರೆ ಒಂದೇ ಎಳೆಯಾಗಿ ಸಾಗಿರುತ್ತದೆ. ಉಂಡೆಗಳನ್ನು ನೂಲಿಗೆ ಅಂಟಿಸಿದ್ದರೆ ಹಿಡಿದೆತ್ತಿದಾಗಲೇ ತಿಳಿಯುತ್ತದೆ.

ಜರಿ, ಮುತ್ತು, ಕುಂದಣ ಸೇರಿಸಿದ ಅಲಂಕಾರದ ಗೆಜ್ಜೆವಸ್ತ್ರಗಳಿಗೆ ಈಚೆಗೆ ಬಹಳ ಬೇಡಿಕೆ. ನಮ್ಮ ಬೀದಿಯ ಹುಡುಗಿಯೊಬ್ಬಳು ಮೊಬೈಲಿನಲ್ಲಿ ನೋಡಿ ಕಲಿತು, ಅಂಥದ್ದೊಂದನ್ನು ಅಜ್ಜಿಗೆ ತಂದು ತೋರಿಸಿದ್ದಳು. ಅಜ್ಜಿ ಅದನ್ನು ತಮ್ಮ ಕೊರಳ ಬಳಿ ಹಿಡಿದು ನೋಡಿ, “ಚೆನ್ನಾಗಿದೆ ಕಣೇ. ಆದ್ರೆ ಜರಿ ಚುಚ್ಚತ್ತಲ್ಲ, ಪಾಪ ಗಣಪತಿಗೆ” ಎಂದರು. ಮುಂದಿನ ವರ್ಷ ಅವಳು ಜರಿಯನ್ನು ಬಿಡಲಿಲ್ಲ, ಆದರೆ ಕೊರಳಿಗೆ ತಾಗುವ ಬದಿಯಲ್ಲಿ ಬರಿಯ ಅರಳೆ ಕೊಟ್ಟಳು. ಈಗ ಅವಳಿಗೆ ಅಮೆರಿಕದಿಂದಲೂ ಆರ್ಡರ್ ಬರುತ್ತದೆ. ಭಾದ್ರಪದಕ್ಕೆ ಬೇಕಾದವರು ಆಷಾಢದಲ್ಲೇ ಹೇಳಿಡಬೇಕಂತೆ.