ಬಿಡಿಭಾಗ ಬಲ್ಲವರ ಪುಟ್ಟ ಅಂಗಡಿ

ತಿಪಟೂರಿನ ಬಿ.ಎಚ್. ರಸ್ತೆಯಿಂದ ತುಸು ಒಳಗೆ ಹೋದರೆ ಹತ್ತಡಿ ಅಗಲದ ಒಂದು ಬೈಕ್ ಸ್ಪೇರ್ ಪಾರ್ಟ್ಸ್ ಅಂಗಡಿ ಇದೆ. ಬಾಗಿಲಲ್ಲಿ ಕ್ಲಚ್ ಕೇಬಲ್, ಬ್ರೇಕ್ ಕೇಬಲ್‌ಗಳು ಗೊಂಚಲು ಗೊಂಚಲಾಗಿ ತೂಗುತ್ತವೆ. ಒಳಗೆ ನೆಲದಿಂದ ಸೂರಿನವರೆಗೆ ರಟ್ಟಿನ ಡಬ್ಬಿಗಳು. ಗಲ್ಲಾದ ಹಿಂದೆ ಕೂರುವ ಯಜಮಾನರಿಗೆ ಅರವತ್ತು ದಾಟಿದೆ. ಊರಿನ ಮೆಕ್ಯಾನಿಕ್‌ಗಳಿಗೆಲ್ಲ ಅವರು ‘ಅಣ್ಣ’. “ಹೆಸರು ಹಾಕ್ಬೇಡಿ, ನಾಳೆ ಮಾಲು ಕಳ್ಸೋರು ಮುನಿಸ್ಕೊಂಡ್ರೆ ಕಷ್ಟ” ಎಂದರು. ಹಾಗಾಗಿ ಇಲ್ಲಿಯೂ ಅವರು ಅಣ್ಣನೇ.

ಅಣ್ಣ ವ್ಯಾಪಾರ ಮಾಡುವುದನ್ನು ಕಣ್ಣಾರೆ ನೋಡಬೇಕು. ಅವತ್ತು ಕೊಬ್ಬರಿ ಹರಾಜು. ಮಾರುಕಟ್ಟೆಗೆ ಬಂದಿದ್ದ ರೈತರೊಬ್ಬರು ಹಳೆಯ ಬೈಕಿನ ಹಿಂದಿನ ಚಕ್ರದ ಬೇರಿಂಗನ್ನು ಪೇಪರಿನಲ್ಲಿ ಸುತ್ತಿ ತಂದಿದ್ದರು. ಅದರ ಮೇಲಿನ ನಂಬರ್ ಸವೆದು ಅಳಿಸಿಹೋಗಿತ್ತು. ಅಣ್ಣ ಗ್ರೀಸು ಒರೆಸಿ ವರ್ನಿಯರ್ ಹಿಡಿದರು. ಒಳಗಿನ ತೂತು 15 ಮಿ.ಮೀ., ಹೊರಗಿನ ಸುತ್ತು 35, ದಪ್ಪ 11. “6202” ಎನ್ನುತ್ತಲೇ ಡಬ್ಬಿಗೆ ಕೈ ಹಾಕಿದರು. ಆದರೆ ಬೇರಿಂಗ್ ಕೊಡಲಿಲ್ಲ.

“ಗೌಡ್ರೇ, ಹಬ್ಬಿನೊಳಗೆ ಎರಡು ಬೇರಿಂಗ್ ಮಧ್ಯೆ ಒಂದು ಕೊಳವೆ ಇತ್ತಲ್ಲ, ಅದೈತೋ ಬಿದ್ದೋಯ್ತೋ?”

“ಕೊಳವೆಗಿಳವೆ ಏನೂ ಕಾಣ್ಲಿಲ್ಲ ಕಣಣ್ಣ.”

“ಹಂಗಾದ್ರೆ ಇದನ್ನ ಹಾಕ್ಬೇಡಿ. ಸ್ಪೇಸರ್ ಇಲ್ದೆ ಆಕ್ಸಲ್ ಬಿಗಿ ಮಾಡಿದ್ರೆ ಬೇರಿಂಗಿಗೆ ಅಡ್ಡ ಒತ್ತಡ ಬೀಳುತ್ತೆ. ಹೊಸದೂ ಬೇಗ ಹೋಗುತ್ತೆ.”

ಮೇಜಿನ ಕೆಳಗಿನ ಡ್ರಾಯರಿನಿಂದ ಹಳೆಯ ಸ್ಪೇಸರ್ ಒಂದನ್ನು ಹುಡುಕಿ, ಉದ್ದ ಅಳೆದು, ಬೇರಿಂಗ್ ಜೊತೆ ಕಟ್ಟಿಕೊಟ್ಟರು. ಸ್ಪೇಸರಿಗೆ ದುಡ್ಡು ತೆಗೆದುಕೊಳ್ಳಲಿಲ್ಲ.

ಈ ವಿದ್ಯೆಗೆ ಅವರದೇ ಪಾಠಕ್ರಮವಿದೆ. ಬೇರಿಂಗ್ ನಂಬರಿನ ಕೊನೆಯ ಎರಡು ಅಂಕಿ ಒಳಗಿನ ತೂತಿನ ಅಳತೆ ಹೇಳುತ್ತದೆ: 02 ಎಂದರೆ 15 ಮಿ.ಮೀ., 03 ಎಂದರೆ 17, ಮುಂದೆ 04ರಿಂದ ಐದರಿಂದ ಗುಣಿಸಿಕೊಂಡರಾಯಿತು. 428 ಚೈನ್ ಎಂದರೆ ಮೊದಲ ಅಂಕಿ ನಾಲ್ಕು, ಅಂದರೆ ಇಂಚಿನ ಎಂಟರಲ್ಲಿ ನಾಲ್ಕು ಪಾಲು. ಒಂದು ಪಿನ್ನಿನಿಂದ ಇನ್ನೊಂದಕ್ಕೆ ಅರ್ಧ ಇಂಚು. ಸ್ಪ್ಲೆಂಡರ್‌ನ ಎಷ್ಟೋ ಭಾಗಗಳು ಹಳೆಯ ಸಿಡಿ 100ಕ್ಕೂ ಕೂರುತ್ತವೆ. ಯಾವುದಕ್ಕೆ ಯಾವುದು ಕೂರುತ್ತದೆ, ಯಾವುದನ್ನು ತುಸು ಉಜ್ಜಬೇಕು, ಯಾವುದನ್ನು ಎಂದೂ ಹಾಕಬಾರದು ಎಂಬುದನ್ನೆಲ್ಲ ಅವರು ಉದ್ದನೆಯ ಲೆಕ್ಕದ ಪುಸ್ತಕದಲ್ಲಿ ಬರೆದಿಟ್ಟಿದ್ದಾರೆ. ಅಂಚುಗಳು ಎಣ್ಣೆಯಿಂದ ಕಪ್ಪಾಗಿವೆ. ಯಾವ ಕಂಪನಿಯ ಕ್ಯಾಟಲಾಗೂ ಹೇಳದ ಮಾಹಿತಿ ಅದರಲ್ಲಿದೆ.

ಅಂಗಡಿಯ ಕಥೆ ಅಣ್ಣ ಹೇಳಿದ್ದಷ್ಟೇ ನನಗೆ ಗೊತ್ತು. ತಂದೆಯವರದು ಸೈಕಲ್ ಶಾಪ್. 1961ರಲ್ಲಿ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ ಗಾಡಿಗಳು ಹೊರಬಂದವು. ಒಂದೊಂದೇ ಜಾವಾ ಈ ಕಡೆಯ ತೋಟದ ಮನೆಗಳಿಗೂ ಬಂತು. ಕಿಕ್ಕರ್ ಮತ್ತು ಗೇರ್ ಎರಡಕ್ಕೂ ಒಂದೇ ಲಿವರ್ ಇದ್ದ ಆ ಗಾಡಿಯನ್ನು ಬಿಚ್ಚಿ ಜೋಡಿಸುತ್ತಲೇ ತಂದೆ ಪಾರ್ಟ್ಸ್ ವ್ಯಾಪಾರಕ್ಕೆ ಇಳಿದರು. ಮುಂದೆ ಯೆಜ್ಡಿ ಬಂತು, ಎಂಬತ್ತರ ದಶಕದಲ್ಲಿ ಜಪಾನಿ ಕಂಪನಿಗಳ ಸಹಯೋಗದ 100 ಸಿಸಿ ಬೈಕುಗಳು ಬಂದವು. 1996ರಲ್ಲಿ ಮೈಸೂರಿನ ಕಾರ್ಖಾನೆ ಮುಚ್ಚಿತು, ಆದರೆ ಗಾಡಿಗಳ ಓಡಾಟ ನಿಲ್ಲಲಿಲ್ಲ. 2018ರಲ್ಲಿ ಜಾವಾ ಹೆಸರು ಮಾರುಕಟ್ಟೆಗೆ ಮರಳಿತಾದರೂ ಅದು ಫೋರ್ ಸ್ಟ್ರೋಕ್ ಎಂಜಿನ್ನಿನ ಬೇರೆಯೇ ಗಾಡಿ. ಹಳೆಯ ಟೂ ಸ್ಟ್ರೋಕ್ ಜಾವಾದವರು ಇಂದಿಗೂ ಅಣ್ಣನಂಥವರನ್ನೇ ಹುಡುಕಿಕೊಂಡು ಬರಬೇಕು.

ಮೊದಲೆಲ್ಲ ಮಾಲು ತರುವುದೆಂದರೆ ಅಣ್ಣನೇ ರೈಲು ಹತ್ತಿ ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋಗುವುದು. ಅಂಗಡಿ ಅಂಗಡಿ ಸುತ್ತಿ, ಕೈಯಲ್ಲಿ ಹಿಡಿದು ನೋಡಿ, ಚೌಕಾಸಿ ಮಾಡಿ, ಗೋಣಿಚೀಲದಲ್ಲಿ ತುಂಬಿ ತರುತ್ತಿದ್ದರು. ತಪ್ಪು ಬಂದರೆ ಅಲ್ಲಿನ ಅಂಗಡಿಯವರು ಮುಂದಿನ ಸಲ ಬದಲಾಯಿಸಿಕೊಡುತ್ತಿದ್ದರು. ಈಗ ಪ್ರತಿ ಕಂಪನಿಗೂ ಜಿಲ್ಲೆಗೊಬ್ಬರೋ ಎರಡು ಜಿಲ್ಲೆಗೊಬ್ಬರೋ ಡಿಸ್ಟ್ರಿಬ್ಯೂಟರ್. ಅವರ ಸೇಲ್ಸ್‌ಮನ್ ಬಂದು ಮೊಬೈಲಿನಲ್ಲಿ ಆರ್ಡರ್ ಒತ್ತಿಕೊಂಡು ಹೋಗುತ್ತಾನೆ, ಮಾಲು ಟ್ರಾನ್ಸ್‌ಪೋರ್ಟ್ ಲಾರಿಯಲ್ಲಿ ಬರುತ್ತದೆ. ನೋಡಲು ಸುಲಭ. ಅಣ್ಣನ ಸಂಕಟ ಶುರುವಾಗುವುದು ಇಲ್ಲಿಂದಲೇ.

ಹತ್ತು ಐಟಂ ಬರೆಸಿದರೆ ಆರು ಬರುತ್ತವೆ. ಉಳಿದ ನಾಲ್ಕು ‘ಪೆಂಡಿಂಗ್’. ಯಾವಾಗ ಬರುತ್ತದೆಂದು ಕೇಳಿದರೆ ಉತ್ತರವಿಲ್ಲ. ಎಷ್ಟೋ ಸಲ ಆ ಆರ್ಡರ್ ತಾನಾಗಿಯೇ ರದ್ದಾಗಿರುತ್ತದೆ, ಯಾರೂ ತಿಳಿಸಿರುವುದಿಲ್ಲ. “ಇಲ್ಲ ಅಂದ್ರೆ ಬೇರೆ ಕಡೆ ತರಿಸ್ಕೋತೀನಿ. ಬರುತ್ತೆ ಅಂತ ಹೇಳಿ ಕಾಯಿಸ್ತಾರಲ್ಲ, ಅದು ಕಷ್ಟ. ಗಿರಾಕಿ ನನ್ನ ಮಾತು ನಂಬಿ ಗಾಡಿ ನಿಲ್ಸಿರ್ತಾನೆ.”

ಸ್ಕೀಮಿನ ಕಾಟ ಇನ್ನೊಂದು ಬಗೆ. ಕ್ಲಚ್ ಪ್ಲೇಟ್, ಬ್ರೇಕ್ ಶೂ ದಿನಾ ಹೋಗುವ ಮಾಲು. ಅದು ಬೇಕಾದರೆ ಜೊತೆಗೆ ಯಾರೂ ಕೇಳದ ಮಾಡೆಲ್‌ನ ಮಿರರ್ ಸೆಟ್ಟೋ ಸೈಡ್ ಪ್ಯಾನೆಲ್ಲೋ ಎತ್ತಬೇಕು. ತಿಂಗಳ ಕೊನೆಗೆ ಟಾರ್ಗೆಟ್ ಮುಟ್ಟಿಸಲು ಸೇಲ್ಸ್‌ಮನ್ ಬಂದು ಬೇಡಿಕೊಂಡಾಗ ಅಣ್ಣ ಮರುಗಿ ಹೂಂ ಎಂದದ್ದೂ ಉಂಟು. ಹಾಗೆ ಬಂದದ್ದೆಲ್ಲ ಅಟ್ಟದ ಮೇಲೆ ಹೊಸ ಪ್ಯಾಕಿನಲ್ಲೇ ಕೂತಿದೆ. ಕಂಪನಿ ಆ ಮಾಡೆಲ್ಲನ್ನೇ ನಿಲ್ಲಿಸಿ ವರ್ಷಗಳಾದವು. ವಾಪಸ್ ತೆಗೆದುಕೊಳ್ಳುವವರಿಲ್ಲ.

2020ರ ಏಪ್ರಿಲ್ 1ರಂದು ಬಿಎಸ್-6 ಮಾಲಿನ್ಯ ನಿಯಮ ಜಾರಿಗೆ ಬಂದ ಮೇಲೆ ಸಾಮಾನ್ಯ ಬೈಕುಗಳಲ್ಲೂ ಕಾರ್ಬೊರೇಟರ್ ಜಾಗಕ್ಕೆ ಫ್ಯೂಯಲ್ ಇಂಜೆಕ್ಷನ್, ಸೆನ್ಸರ್‌ಗಳು ಬಂದವು. ಇವು ದುಬಾರಿ ಮಾಲು. ಡಿಸ್ಟ್ರಿಬ್ಯೂಟರ್ ಕೊಡುವ ಬಿಲ್ಲಿನ ಕೆಳಗೆ ಮಾತ್ರ ‘ಎಲೆಕ್ಟ್ರಿಕಲ್ ಮಾಲು ವಾಪಸ್ ಇಲ್ಲ’ ಎಂಬ ಸಾಲು ಹಾಗೇ ಇದೆ. ಹೊಸ ಸೆನ್ಸರ್ ಕೆಲಸ ಮಾಡದಿದ್ದರೆ ಗಿರಾಕಿಗೆ ಅಣ್ಣ ತಕ್ಷಣ ಬದಲಿ ಕೊಡುತ್ತಾರೆ, ಡಿಸ್ಟ್ರಿಬ್ಯೂಟರ್‌ನಿಂದ ಕ್ರೆಡಿಟ್ ನೋಟ್ ಬರಲು ತಿಂಗಳುಗಟ್ಟಲೆ ಕಾಯುತ್ತಾರೆ. ಅದೇ ಡಿಸ್ಟ್ರಿಬ್ಯೂಟರ್ ಊರಿನ ದೊಡ್ಡ ಗ್ಯಾರೇಜುಗಳಿಗೆ ಅಣ್ಣನಿಗೆ ಕೊಡುವ ರೇಟಿನಲ್ಲೇ ನೇರವಾಗಿ ಮಾಲು ಹಾಕುವುದೂ ನಡೆದಿದೆ.

ಅವರಿಗೆ ಹೆಚ್ಚು ನೋವು ಕೊಟ್ಟಿರುವುದು ತೆರಿಗೆಯ ಲೆಕ್ಕ. 2022ರ ಜನವರಿಯಿಂದ ನಿಯಮ ಬಿಗಿಯಾಗಿದೆ: ಮಾಲು ಮಾರಿದವನು ತನ್ನ ಜಿಎಸ್‌ಟಿಆರ್-1 ರಿಟರ್ನಿನಲ್ಲಿ ಬಿಲ್ ತೋರಿಸಿದರೆ ಮಾತ್ರ ಕೊಂಡವನಿಗೆ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್, ಅಂದರೆ ಕೊಳ್ಳುವಾಗ ಕೊಟ್ಟ ತೆರಿಗೆಯನ್ನು ತಾನು ಕಟ್ಟಬೇಕಾದ ತೆರಿಗೆಯಲ್ಲಿ ಕಳೆದುಕೊಳ್ಳುವ ಅವಕಾಶ. 50,000 ರೂಪಾಯಿಯ ಮಾಲಿಗೆ ಶೇ 18ರಂತೆ 9,000 ತೆರಿಗೆ ಎಂದಿಟ್ಟುಕೊಳ್ಳಿ. ಅಣ್ಣ ಅದನ್ನು ಬಿಲ್ಲಿನಲ್ಲೇ ಕೊಟ್ಟಾಗಿದೆ. ಡಿಸ್ಟ್ರಿಬ್ಯೂಟರ್ ರಿಟರ್ನ್ ಸಲ್ಲಿಸದಿದ್ದರೆ ಅಣ್ಣನ ಖಾತೆಗೆ ಅದು ಜಮಾ ಆಗುವುದಿಲ್ಲ, ಆ 9,000ವನ್ನು ಮತ್ತೆ ಕೈಯಿಂದ ಕಟ್ಟಬೇಕು. ಆ ಮಾಲಿನ ಮೇಲೆ ನೂರಕ್ಕೆ ಹದಿನೈದು ಲಾಭ ಸಿಕ್ಕರೂ ಬರುವುದು 7,500. ಅಂದರೆ ಇಡೀ ಲಾಭ ಹೋಗಿ ಮೇಲೆ ಒಂದೂವರೆ ಸಾವಿರ ಕೈಬಿಟ್ಟಂತೆ, ಬೇರೆಯವರು ರಿಟರ್ನ್ ಹಾಕಲಿಲ್ಲ ಎಂಬ ಒಂದೇ ಕಾರಣಕ್ಕೆ. 2025ರ ಸೆಪ್ಟೆಂಬರ್ 22ರಿಂದ ಬೈಕ್ ಬಿಡಿಭಾಗಗಳ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿದದ್ದು ಗಿರಾಕಿಗೆ ಒಳ್ಳೆಯದೇ ಆಯಿತು. ಹಳೆಯ ಎಂಆರ್‌ಪಿ ಮುದ್ರಿಸಿದ ಡಬ್ಬಿಗಳನ್ನು ಅಣ್ಣ ಮರುದಿನದಿಂದಲೇ ಇಳಿಸಿದ ಬೆಲೆಗೆ ಕೊಟ್ಟರು. ಆ ವ್ಯತ್ಯಾಸ ತುಂಬಿಕೊಡುತ್ತೇವೆಂದ ಡಿಸ್ಟ್ರಿಬ್ಯೂಟರುಗಳಲ್ಲಿ ಮಾತು ಉಳಿಸಿಕೊಂಡವರು ಕೆಲವರೇ.

ಡಿಸ್ಟ್ರಿಬ್ಯೂಟರುಗಳೆಲ್ಲ ಕೆಟ್ಟವರೆಂದು ಅಣ್ಣ ಹೇಳುವುದಿಲ್ಲ. ಅವರ ತಲೆಯ ಮೇಲೂ ಕಂಪನಿಯ ಟಾರ್ಗೆಟ್ ಇದೆ, ಗೋಡೌನ್ ಬಾಡಿಗೆ ಇದೆ, ಉದ್ರಿ ಕೊಟ್ಟು ವಸೂಲಾಗದ ಅಂಗಡಿಗಳಿವೆ. ಆದರೆ ಮೇಲಿನಿಂದ ಬಂದ ಒತ್ತಡವೆಲ್ಲ ಇಳಿಯುತ್ತಾ ಇಳಿಯುತ್ತಾ ಕೊನೆಗೆ ಕೂರುವುದು ಹತ್ತಡಿ ಅಂಗಡಿಯ ಮೇಲೆ. ಅಂಗಡಿಯವನಿಗೆ ಅದನ್ನು ದಾಟಿಸಲು ಯಾರೂ ಇಲ್ಲ. ಮುಂದೆ ನಿಂತಿರುವವನು ಗಾಡಿ ಕೆಟ್ಟ ರೈತ.

ಬಿಡಿಭಾಗ ಸಿಗಬೇಕಾದದ್ದು ಗ್ರಾಹಕನ ಹಕ್ಕು ಎಂಬ ಮಾತು ದೇಶದಲ್ಲಿ ಹೊಸದೇನಲ್ಲ. ಸ್ವತಂತ್ರ ಗ್ಯಾರೇಜುಗಳಿಗೆ ಬಿಡಿಭಾಗ ಸಿಗದಂತೆ ತಡೆದದ್ದಕ್ಕಾಗಿ 2014ರಲ್ಲಿ ಭಾರತೀಯ ಸ್ಪರ್ಧಾ ಆಯೋಗ 14 ಕಾರು ಕಂಪನಿಗಳಿಗೆ 2,500 ಕೋಟಿ ರೂಪಾಯಿಗೂ ಹೆಚ್ಚು ದಂಡ ವಿಧಿಸಿತು. 2022ರಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ‘ದುರಸ್ತಿ ಹಕ್ಕಿ’ನ ಚೌಕಟ್ಟು ರೂಪಿಸಲು ಸಮಿತಿ ನೇಮಿಸಿತು, ಅದು ಗುರುತಿಸಿದ ಕ್ಷೇತ್ರಗಳಲ್ಲಿ ವಾಹನಗಳೂ ಇವೆ. ಆದರೆ ಈ ಚರ್ಚೆಯಲ್ಲಿ ತಾಲ್ಲೂಕಿನ ಬಿಡಿಭಾಗದ ಅಂಗಡಿಯ ದನಿ ಕೇಳಿಸುವುದು ಕಡಿಮೆ. ಗಾಡಿಯನ್ನು ದುರಸ್ತಿ ಮಾಡಿಸುವ ಹಕ್ಕು ಹಳ್ಳಿಯವನಿಗೆ ತಲುಪಬೇಕಾದರೆ ಅದು ಇಂಥ ಅಂಗಡಿಯ ಮೂಲಕವೇ ತಲುಪಬೇಕು.

ಅಣ್ಣ ಕೇಳುವುದು ದೊಡ್ಡದೇನಲ್ಲ. ಇಲ್ಲದ ಮಾಲನ್ನು ಇಲ್ಲ ಎಂದು ಅಂದೇ ಹೇಳಲಿ. ಬಿಲ್ ಕೊಟ್ಟ ಮೇಲೆ ಸಮಯಕ್ಕೆ ರಿಟರ್ನ್ ಸಲ್ಲಿಸಲಿ. ವರ್ಷಕ್ಕೊಮ್ಮೆಯಾದರೂ ಹೋಗದ ಮಾಲಿನಲ್ಲಿ ಒಂದು ಪಾಲನ್ನು ವಾಪಸ್ ತೆಗೆದುಕೊಳ್ಳಲಿ. ಈ ಮೂರಕ್ಕೂ ಹೊಸ ಕಾನೂನು ಬೇಕಿಲ್ಲ, ಮನಸ್ಸಿದ್ದರೆ ಸಾಕು.

ಅಣ್ಣನ ಇಬ್ಬರು ಮಕ್ಕಳೂ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾರೆ. ಅಂಗಡಿಗೆ ಬರುವ ಮಾತು ಅವರೂ ಎತ್ತಿಲ್ಲ, ಇವರೂ ಕೇಳಿಲ್ಲ. ಇಂಥ ಅಂಗಡಿ ನಿಮ್ಮೂರಿನಲ್ಲೂ ಒಂದಿರಬಹುದು. ಗಾಡಿಯಿಂದ ಬಿಚ್ಚಿದ ಹಳೆಯ ಭಾಗವನ್ನು ಎಸೆಯದೆ ಅಲ್ಲಿಗೆ ಒಯ್ದು ತೋರಿಸಿ. ಬಿಲ್ ಕೇಳಿ ಪಡೆಯಿರಿ. ನಾಲ್ಕು ರೂಪಾಯಿ ಕಡಿಮೆಗೆ ಮೊಬೈಲಿನಲ್ಲಿ ಸಿಗುತ್ತದೆಂದು ಅಂಗಡಿಯಲ್ಲಿ ವಿಚಾರಿಸಿ ಮೊಬೈಲಿನಲ್ಲಿ ಕೊಳ್ಳುವುದನ್ನು ಬಿಡಿ. ಬಿಡಿಭಾಗ ಎಲ್ಲಿ ಬೇಕಾದರೂ ಸಿಕ್ಕೀತು. ಸ್ಪೇಸರ್ ಇದೆಯೋ ಇಲ್ಲವೋ ಎಂದು ಕೇಳುವವರು ಸಿಗುವುದು ಇಂಥ ಅಂಗಡಿಯಲ್ಲಿ ಮಾತ್ರ.