ಮುಟ್ಟಿದರೆ ಮುನಿಯ ಮುಂದೆ ಒಂದು ಪಾಠ

ಸುಳ್ಯ ತಾಲೂಕಿನ ಅಜ್ಜಾವರದಂತಹ ಊರುಗಳಲ್ಲಿ ಮಕ್ಕಳೆಲ್ಲರೂ ಒಂದೇ ಮಾತನ್ನು ಹೊತ್ತು ಶಾಲೆಗೆ ಬರುವುದಿಲ್ಲ. ಒಂದು ಮನೆಯಲ್ಲಿ ತುಳು, ಪಕ್ಕದ ಮನೆಯಲ್ಲಿ ಅರೆಭಾಷೆ. ಕೇರಳದ ಗಡಿ ಹತ್ತಿರವಾದ್ದರಿಂದ ಮಲಯಾಳ, ಬ್ಯಾರಿ. ಪಠ್ಯಪುಸ್ತಕದ ಕನ್ನಡವು ಅವರಲ್ಲಿ ಅನೇಕರಿಗೆ ಎರಡನೆಯ ಭಾಷೆ. ಇಂಗ್ಲಿಷ್ ಮಾಧ್ಯಮಕ್ಕೆ ಹೋಗುವವರಿಗೆ ಅದೂ ಅಲ್ಲ, ಇನ್ನೊಂದು. ‘ಸಸ್ಯಗಳು ಸಜೀವಿಗಳು’ ಎಂಬ ವಾಕ್ಯವನ್ನು ಅವರು ತಪ್ಪಿಲ್ಲದೆ ಬರೆಯುತ್ತಾರೆ, ಅಂಕವನ್ನೂ ಗಳಿಸುತ್ತಾರೆ. ಗಂಟೆ ಹೊಡೆದು ಹೊರಗೆ ಬಂದೊಡನೆ ಬೇಲಿಯ ಎಲೆಯನ್ನು ಕಿತ್ತು ಚೂರು ಮಾಡುತ್ತಾರೆ. ವಾಕ್ಯ ನಾಲಿಗೆಗೆ ಬಂದಿದೆ, ಕೈಗೆ ಇಳಿದಿಲ್ಲ.

ಈ ದೋಷ ಶಾಲೆಗಷ್ಟೇ ಸೇರಿದ್ದಲ್ಲ. ನಮ್ಮ ಪಾಠಶಾಲೆಗಳಲ್ಲಿಯೂ ಇದೆ. ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದ ಎರಡನೆಯ ಅಧ್ಯಾಯದಲ್ಲಿ ಸಂಸಾರಿ ಜೀವಗಳನ್ನು ತ್ರಸ, ಸ್ಥಾವರ ಎಂದು ವಿಂಗಡಿಸುತ್ತಾರೆ. ವನಸ್ಪತಿಯು ಸ್ಥಾವರ, ಅದಕ್ಕಿರುವುದು ಸ್ಪರ್ಶನೇಂದ್ರಿಯವೊಂದೇ. ಹುಳುವಿಗೆ ಎರಡು, ಇರುವೆಗೆ ಮೂರು, ದುಂಬಿಗೆ ನಾಲ್ಕು, ಮನುಷ್ಯನಿಗೆ ಐದು. ಏಕೇಂದ್ರಿಯ ಜೀವಕ್ಕೂ ಸ್ಪರ್ಶ, ಕಾಯಬಲ, ಶ್ವಾಸೋಚ್ಛ್ವಾಸ, ಆಯುಷ್ಯ ಎಂಬ ನಾಲ್ಕು ಪ್ರಾಣಗಳುಂಟು. ಇದನ್ನು ನಾನು ಎಷ್ಟೋ ವರ್ಷ ಕಂಠಪಾಠ ಮಾಡಿಸಿದ್ದೇನೆ. ‘ಏಕೇಂದ್ರಿಯ’ ಎಂಬ ಸಂಸ್ಕೃತ ಪದವೂ ಆ ಮಕ್ಕಳಿಗೆ ‘ಸಜೀವಿ’ಯಷ್ಟೇ ದೂರದ್ದೆಂದು ಹೊಳೆದದ್ದು ತಡವಾಗಿ. ಸಮವಸರಣದಲ್ಲಿ ಜಿನರ ದಿವ್ಯಧ್ವನಿಯನ್ನು ಪ್ರತಿಯೊಂದು ಜೀವಿಯೂ ತನ್ನ ತನ್ನ ಭಾಷೆಯಲ್ಲಿಯೇ ಗ್ರಹಿಸಿತೆಂದು ಅದೇ ಮಕ್ಕಳಿಗೆ ಕಥೆ ಹೇಳುತ್ತಿದ್ದವನು ನಾನೇ!

ಒಂದು ಮಳೆಗಾಲದ ಭಾನುವಾರ ಪುಸ್ತಕವನ್ನು ಮುಚ್ಚಿ, ‘ಗಿಡಕ್ಕೆ ಜೀವ ಇದೆಯೆಂದು ನಿಮ್ಮ ಮನೆಯ ಮಾತಿನಲ್ಲಿ ಹೇಳಿ’ ಎಂದೆ. ತುಳುವಿನ ಹುಡುಗಿ ‘ಜೀವ ಉಂಡು’ ಎಂದಳು. ಅರೆಭಾಷೆಯ ಹುಡುಗ ‘ಜೀವ ಉಟ್ಟು’ ಎಂದ. ಅವನೇ ಸ್ವಲ್ಪ ಹೊತ್ತು ಸುಮ್ಮನಿದ್ದು, ತಮ್ಮ ತೋಟದ ಕಂಗಿಗೆ ಹಳದಿ ಎಲೆ ರೋಗ ಬಂದಿದೆ, ಜೀವವಿಲ್ಲದಿದ್ದರೆ ರೋಗ ಹೇಗೆ ಬರುತ್ತಿತ್ತು, ಆದರೆ ಪುಸ್ತಕದ ‘ಸಜೀವಿ’ ಎಂದರೆ ಇದೇ ಎಂದು ತನಗೆ ಗೊತ್ತಿರಲಿಲ್ಲ ಎಂದ. ಸುಳ್ಯದ ಕಡೆಯ ಅಡಿಕೆ ಬೆಳೆಗಾರರ ಮಕ್ಕಳಿಗೆ ಆ ರೋಗವನ್ನು ಯಾರೂ ವಿವರಿಸಬೇಕಾಗಿಲ್ಲ. ಶ್ವೇತಾಂಬರ ಪರಂಪರೆ ಕಾಪಾಡಿಕೊಂಡು ಬಂದಿರುವ ಆಚಾರಾಂಗಸೂತ್ರವೂ ಮನುಷ್ಯದೇಹವನ್ನು ವನಸ್ಪತಿಯ ಪಕ್ಕದಲ್ಲಿಟ್ಟು, ಹುಟ್ಟುವುದು, ಬೆಳೆಯುವುದು, ಕಡಿದರೆ ಬಾಡುವುದು ಎರಡಕ್ಕೂ ಸಮಾನವೆಂದು ತೋರಿಸುತ್ತದೆ. ಹುಡುಗ ಅದೇ ದಾರಿಯಲ್ಲಿ ನಡೆದಿದ್ದ.

ಜಗದೀಶಚಂದ್ರ ಬೋಸರನ್ನು ಅವರ ತಂದೆ ಮೊದಲು ಬಂಗಾಳಿ ಶಾಲೆಗೇ ಕಳುಹಿಸಿದ್ದರು, ಇಂಗ್ಲಿಷ್ ಆಮೇಲೆ. ಮುಂದೆ ಸಸ್ಯಗಳ ಸ್ಪಂದನವನ್ನು ಯಂತ್ರಗಳಿಂದ ಅಳೆದು ಲೋಕಕ್ಕೆ ತೋರಿಸಿದ ಅವರು 1917ರಲ್ಲಿ ಕೋಲ್ಕತ್ತದಲ್ಲಿ ಸಂಶೋಧನ ಮಂದಿರವನ್ನು ಸ್ಥಾಪಿಸಿದರು. ಅವರ ಪ್ರಯೋಗದ ಗಿಡಗಳಲ್ಲೊಂದು ನಮ್ಮ ದಾರಿಬದಿಯ ನಾಚಿಕೆ ಮುಳ್ಳು.

ಅಂದು ಅಂಗಳದ ಅಂಚಿನಲ್ಲಿಯೂ ಅದು ಹಬ್ಬಿತ್ತು. ಅಮೆರಿಕ ಖಂಡದಿಂದ ಬಂದ ಗಿಡವಿದು; ಇಲ್ಲಿಗೆ ಬಂದು ನಮ್ಮ ಹೆಸರುಗಳನ್ನು ಪಡೆಯಿತು. ಸಂಸ್ಕೃತದ ಲಜ್ಜಾಲು ಎಂಬುದರಲ್ಲಿ ನಾಚಿಕೆಯಿದೆ, ಕನ್ನಡದ ಮುಟ್ಟಿದರೆ ಮುನಿ ಎಂಬುದರಲ್ಲಿ ಮುನಿಸಿದೆ. ನಾಚಿಕೆಯೋ ಮುನಿಸೋ ನಾನು ಹೇಳಲಾರೆ, ಆದರೆ ಸ್ಪರ್ಶದ ಅರಿವನ್ನು ಕಣ್ಣಿಗೆ ತೋರಿಸಲು ಇದಕ್ಕಿಂತ ಒಳ್ಳೆಯ ಪಾಠೋಪಕರಣ ಇಲ್ಲವೆಂದುಕೊಂಡು ಒಬ್ಬೊಬ್ಬರಿಂದಲೂ ಮುಟ್ಟಿಸಿದೆ. ಎಲೆಗಳು ಮಡಚಿದವು, ಮಕ್ಕಳು ನಕ್ಕರು. ಕೊನೆಯಲ್ಲಿದ್ದ ಪುಟ್ಟ ಹುಡುಗಿ ಮಾತ್ರ ಕೈ ಚಾಚಲಿಲ್ಲ. ‘ಅದಕ್ಕೆ ಗೊತ್ತಾಗುತ್ತದೆ ಎಂದಿರಿ. ಮತ್ತೆ ಏಕೆ ಮುಟ್ಟುವುದು?’ ಎಂದು ಕೇಳಿದಳು.

ಉತ್ತರ ನನ್ನಲ್ಲಿತ್ತು, ಆದರೆ ಅದು ನನ್ನ ವಿರುದ್ಧವೇ ಇತ್ತು. ಉಣ್ಣಬೇಕಾದ, ಕೃಷಿ ಮಾಡಬೇಕಾದ ಶ್ರಾವಕನಿಂದ ಸ್ಥಾವರಹಿಂಸೆ ಪೂರ್ತಿಯಾಗಿ ತಪ್ಪದು. ಅಣುವ್ರತವು ಅದನ್ನು ಒಪ್ಪುತ್ತದೆ. ಆದರೆ ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಪ್ರಯೋಜನವಿಲ್ಲದೆ ಗಿಡ ಕಡಿಯುವುದನ್ನು ಪ್ರಮಾದಚರ್ಯೆಯೆಂದು, ಅನರ್ಥದಂಡಗಳಲ್ಲಿ ಸೇರಿಸಿದ್ದಾರೆ. ಎಲೆಯನ್ನು ನಾವು ಕೀಳಲಿಲ್ಲ, ನಿಜ. ಒಮ್ಮೆ ತೋರಿಸಿದ್ದು ಪಾಠವೆಂದೇ ಇಟ್ಟುಕೊಳ್ಳೋಣ. ಉಳಿದವರೆಲ್ಲ ಸಾಲಾಗಿ ಮುಟ್ಟಿ ನಕ್ಕದ್ದು?

‘ನೀನು ಹೇಳಿದ್ದು ಸರಿ, ತಪ್ಪು ನನ್ನದು’ ಎಂದೆ. ಅನಂತರ ಎಲ್ಲರೂ ಗಿಡದ ಸುತ್ತ ಕುಳಿತೆವು. ಮಡಚಿದ ಎಲೆಗಳು ಬಿಚ್ಚಲು ಹತ್ತು ನಿಮಿಷದ ಮೇಲೆಯೇ ಹಿಡಿಯಿತು. ಆ ತನಕ ಯಾವ ಮಗುವೂ ಎದ್ದು ಹೋಗಲಿಲ್ಲ.